ಅಪ್ಪಯ್ಯನ ಕ್ಲಿಕ್ ಕ್ಯಾಮೆರಾಕ್ಕೆ ಹತ್ತು ಇನ್‌ಸ್ಟಾಕ್ಸ್ ಹಾಳೆ

ಇನ್‌ಸ್ಟಾಕ್ಸ್ ಅಂದರೆ ತೆಗೆದ ಸ್ವಲ್ಪ ಹೊತ್ತಿಗೇ ತಾನಾಗಿ ಚಿತ್ರ ಮೂಡೋ ಫೋಟೋ ಹಾಳೆ. ಮೊದಲನೇ ಹಾಳೆ ಪೂರ್ತಿ ಕಪ್ಪಾಗಿ ಬಂತು. ಎರಡನೇದು ಪೂರ್ತಿ ಬಿಳಿ. ಮನೆಯವರೆಲ್ಲ ಜಗಲಿಯಲ್ಲಿ ನನ್ನ ಸುತ್ತ ನಿಂತು ನೋಡುತ್ತಿದ್ದರು. "ಒಂದು ಹಾಳೆಗೆ ಎಷ್ಟು ಬೀಳ್ತದೆ?" ಅಂತ ಅಪ್ಪಯ್ಯ ಕೇಳಿದರು. ಐವತ್ತು ಅರವತ್ತು ರೂಪಾಯಿ ಅಂದೆ. ಅವರು ಏನೂ ಹೇಳದೆ ಎದ್ದು, ಅಡಿಕೆ ತಿರುವಿ ಹಾಕೋಕೆ ಅಂಗಳಕ್ಕೆ ಇಳಿದರು. ಅಷ್ಟು ಸಾಕಾಯಿತು ನನಗೆ.

ಮೊದಲಿಂದ ಹೇಳ್ತೀನಿ. ಡಿಸೆಂಬರ್ ಕೊನೆಯಲ್ಲಿ ಒಂದು ವಾರ ರಜೆ ಹಾಕಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಅಮ್ಮ ಹಳೇ ಕಂಚಿನ ದೀಪ ಹುಡುಕಿ ಕೊಡು ಅಂತ ಅಟ್ಟ ಹತ್ತಿಸಿದಳು. ದೀಪ ಸಿಗಲಿಲ್ಲ. ಗೋಣಿಚೀಲದ ಕೆಳಗೆ ಅಪ್ಪಯ್ಯನ ಆಗ್ಫಾ ಕ್ಲಿಕ್ ತ್ರೀ ಸಿಕ್ಕಿತು. ಹೆಸರು ಜರ್ಮನಿಯದ್ದಾದರೂ ಇದನ್ನು ಮಾಡುತ್ತಿದ್ದದ್ದು ನಮ್ಮ ಬರೋಡಾದಲ್ಲಿ, ನ್ಯೂ ಇಂಡಿಯಾ ಇಂಡಸ್ಟ್ರೀಸ್ ಅನ್ನೋ ಕಂಪನಿ. 120 ಅನ್ನೋ ಅಳತೆಯ ಫಿಲ್ಮ್ ರೋಲ್ ಹಾಕಬೇಕು, ಹನ್ನೆರಡು ಚೌಕ ಫೋಟೋ ಬರುತ್ತವೆ. ಅದರಲ್ಲಿ ತಿರುಗಿಸೋಕೆ, ಹೊಂದಿಸೋಕೆ ಅಂತ ಹೆಚ್ಚೇನೂ ಇಲ್ಲ. ನೋಡು, ಒತ್ತು, ರೋಲ್ ತಿರುಗಿಸು, ಅಷ್ಟೇ.

ಅದೇ ಹೊತ್ತಿಗೆ ಅಕ್ಕ ಮಗಳ ಜೊತೆ ಬಂದಿದ್ದಳು. ಆ ಹುಡುಗಿಯ ಚೀಲದಲ್ಲಿ ಕೆಟ್ಟುಹೋದ ಇನ್‌ಸ್ಟಾಕ್ಸ್ ಮಿನಿ 9. ಮೆಟ್ಟಿಲ ಮೇಲಿಂದ ಬೀಳಿಸಿದ್ದಳಂತೆ, ಲೆನ್ಸಿನ ಕೊಳವೆ ಸೊಟ್ಟಗಾಗಿ ಫೋಟೋ ಅರ್ಧ ಮಂಜಾಗಿ ಬರುತ್ತಿತ್ತು. ಆಮೇಲೆ ಬ್ಯಾಟರಿ ತೆಗೆಯದೆ ಎರಡು ವರ್ಷ ಹಾಗೇ ಇಟ್ಟಿದ್ದಾಳೆ. ಈಗ ಜೀವವೇ ಇಲ್ಲ. "ಚಿಕ್ಕಿ, ಇದನ್ನ ಸರಿ ಮಾಡಿಕೊಡು" ಅಂದಳು. ಒಂದು ಕಡೆ ಒಳ್ಳೇ ಲೆನ್ಸ್ ಇದ್ದು ಫಿಲ್ಮ್ ಸಿಗದ ಕ್ಯಾಮೆರಾ, ಇನ್ನೊಂದು ಕಡೆ ಫಿಲ್ಮ್ ಸಿಗುವ ಆದರೆ ಲೆನ್ಸ್ ಹೋದ ಕ್ಯಾಮೆರಾ. ಮುಂದಿನದು ಗೊತ್ತಾಯ್ತಲ್ವಾ, ಕ್ಲಿಕ್‌ನಲ್ಲಿ ಇನ್‌ಸ್ಟಾಕ್ಸ್ ಹಾಳೆ ಇಟ್ಟು ಫೋಟೋ ತೆಗೆಯೋದು, ಮಿನಿ 9ರಲ್ಲಿ ಹಾಕಿ ಚಿತ್ರ ಮೂಡಿಸೋದು.

120 ರೋಲ್ ಈಗಲೂ ಆನ್‌ಲೈನಲ್ಲಿ ಸಿಗುತ್ತದೆ ನಿಜ. ಆದರೆ ತೊಳೆಸೋಕೆ ಎಲ್ಲಿಗೆ ಕಳಿಸೋದು? ಕೂಡಲೇ ಫೋಟೋ ಕೊಡೋ ಇನ್ನೊಂದು ಬಗೆ, ಪೋಲರಾಯ್ಡ್ ಫಿಲ್ಮ್, ಇಲ್ಲಿ ತರಿಸೋದು ದುಬಾರಿ. ಇನ್‌ಸ್ಟಾಕ್ಸ್ ಮಿನಿ ಹಾಳೆ ಮಾತ್ರ ಶಿವಮೊಗ್ಗದಲ್ಲೇ ಸಿಕ್ಕಿತು, ಹತ್ತರ ಒಂದು ಪ್ಯಾಕ್.

ಮೊದಲು ಮಿನಿ 9. ಬ್ಯಾಟರಿ ಬಾಗಿಲು ತೆಗೆದರೆ ಒಳಗೆಲ್ಲ ಬಿಳಿ ಪುಡಿ, ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು. ಆಲ್ಕಲೈನ್ ಸೆಲ್ ಸೋರಿದರೆ ಹೊರಗೆ ಬರೋದು ಕ್ಷಾರ. ಅದಕ್ಕೆ ಹುಳಿಯೇ ಮದ್ದು. ಕಿವಿ ಒರೆಸುವ ಹತ್ತಿ ಕಡ್ಡಿಗೆ ನಿಂಬೆರಸ ಹಚ್ಚಿ ಒರೆಸಿದೆ, ಸಣ್ಣಗೆ ನೊರೆ ಬಂತು. ನಾಲ್ಕೈದು ಸಲ ಹಾಗೆ ಮಾಡಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ತಗಡನ್ನು ಉಗುರು ತಿಕ್ಕುವ ಅರದಿಂದ ಸ್ವಲ್ಪ ಕೆರೆದೆ. ಹೊಸ ಡಬಲ್ ಎ ಸೆಲ್ ಎರಡು ಹಾಕಿದ ಕೂಡಲೇ ಮೋಟಾರ್ ಗುರ್ ಅಂತು. ಹುಡುಗಿ ಕುಣಿದಳು. ಕವಚ ಬಿಚ್ಚಿ ಲೆನ್ಸ್ ಸರಿ ಮಾಡು ಅಂತ ಹಠ ಹಿಡಿದಳು, ನಾನು ಬಿಚ್ಚಲಿಲ್ಲ. ಫ್ಲಾಶಿನ ಕೆಪಾಸಿಟರ್ ಒಳಗೆ ಮುನ್ನೂರು ವೋಲ್ಟ್ ಆಸುಪಾಸು ಕೂತಿರುತ್ತದೆ, ಸೆಲ್ ತೆಗೆದ ಮೇಲೂ ಇರುತ್ತದೆ. ಹಳ್ಳಿಮನೆಯಲ್ಲಿ, ಪಕ್ಕದಲ್ಲಿ ಮಗು ಕೂತಿರುವಾಗ ಆ ಸಾಹಸ ಬೇಡ ಅನ್ನಿಸಿತು.

ನನಗೆ ಬೇಕಿದ್ದದ್ದು ಅದರ ಎರಡು ರೋಲರ್ ಮಾತ್ರ. ಇನ್‌ಸ್ಟಂಟ್ ಫಿಲ್ಮಿನ ಮ್ಯಾಜಿಕ್ ಇರೋದೇ ಅಲ್ಲಿ. ಹಾಳೆಯ ದಪ್ಪ ಅಂಚಿನಲ್ಲಿ ರಾಸಾಯನಿಕ ತುಂಬಿದ ಸಣ್ಣ ಪೊಟ್ಟಣಗಳಿವೆ. ಹಾಳೆ ಹೊರಗೆ ಬರುವಾಗ ರೋಲರ್ ಆ ಪೊಟ್ಟಣ ಒಡೆದು, ಲಟ್ಟಣಿಗೆ ಎಳೆದ ಹಾಗೆ ಒಳಗಿನ ಪದರಗಳ ನಡುವೆ ಸಮವಾಗಿ ಹರಡುತ್ತದೆ. ಎಲ್ಲಾದರೂ ಹರಡಲಿಲ್ಲ ಅಂದರೆ ಅಷ್ಟು ಜಾಗದಲ್ಲಿ ಚಿತ್ರವೇ ಇಲ್ಲ. ರೋಲರ್ ಮೇಲೆ ಒಣಗಿದ ಚುಕ್ಕೆಯಿದ್ದರೆ ಫೋಟೋದಲ್ಲಿ ಒಂದೇ ಅಂತರಕ್ಕೆ ಕಲೆ ಬೀಳುತ್ತಾ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ನಿಧಾನ ತಿರುಗಿಸಿ ಒರೆಸಿದೆ. ಆಮೇಲೆ ಮಿನಿ 9ರ ಲೆನ್ಸಿಗೆ ಮೂರು ಪದರ ಕಪ್ಪು ಇನ್ಸುಲೇಷನ್ ಟೇಪ್, ಫ್ಲಾಶಿಗೂ ಅದೇ. ಇನ್ನು ಮೇಲೆ ಅದು ಕ್ಯಾಮೆರಾ ಅಲ್ಲ, ಲಟ್ಟಿಸೋ ಯಂತ್ರ.

ಕ್ಲಿಕ್‌ನ ಲೆನ್ಸಿಗೆ ಮಲೆನಾಡಿನ ಮಳೆಗಾಲ ಏನು ಮಾಡಬೇಕೋ ಅದನ್ನು ಮಾಡಿತ್ತು. ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು. ಸೋಪು ನೀರು, ಆಮೇಲೆ ಆಲ್ಕೋಹಾಲ್, ಕನ್ನಡಕ ಒರೆಸೋ ಬಟ್ಟೆ. ಒಂದು ಮೂಲೆಯಲ್ಲಿ ಗೀರಿನ ಹಾಗೆ ಸ್ವಲ್ಪ ಉಳಿದಿದೆ. ಬೂಷ್ಟು ಗಾಜನ್ನೇ ತಿಂದಿದ್ದರೆ ಏನು ಮಾಡಿದರೂ ಹೋಗಲ್ಲ. ಒಂದು ಕ್ಷಣ ತೆರೆದು ಬೆಳಕು ಒಳಬಿಡೋ ಶಟರ್ ಮಾತ್ರ ಟಿಕ್ ಅಂತ ಕೆಲಸ ಮಾಡುತ್ತಿತ್ತು, ಇಷ್ಟು ವರ್ಷ ಆದ ಮೇಲೂ.

ಈಗ ಅಳತೆ. ಇನ್‌ಸ್ಟಾಕ್ಸ್ ಮಿನಿ ಹಾಳೆ 54 ಮಿ.ಮೀ. ಅಗಲ, 86 ಮಿ.ಮೀ. ಉದ್ದ. ಚಿತ್ರ ಬರೋ ಜಾಗ 46ಕ್ಕೆ 62. 120 ರೋಲ್ ಆರು ಸೆಂಟಿಮೀಟರ್ ಚಿಲ್ಲರೆ ಅಗಲ ಇರೋದರಿಂದ ಈ ಹಾಳೆ ಕ್ಲಿಕ್‌ನ ಹಿಂಬದಿಯಲ್ಲಿ ಅಡ್ಡಡ್ಡ ಆರಾಮಾಗಿ ಕೂರುತ್ತದೆ. ಉದ್ದದ ತುದಿಗಳು ಎರಡೂ ಬದಿಯ ರೋಲ್ ಗೂಡಿನ ಕಡೆ ಚಾಚಿಕೊಳ್ಳುತ್ತವೆ. ಅಲುಗಾಡದ ಹಾಗೆ ಮದುವೆ ಕರೆಯೋಲೆಯ ದಪ್ಪ ಕಾಗದದಿಂದ ಎರಡು ಪಟ್ಟಿ ಕತ್ತರಿಸಿ ಮೇಲೆ ಕೆಳಗೆ ಅಂಟಿಸಿದೆ. ದಪ್ಪ ಅಂಚು ಒಂದೇ ಕಡೆ ಇರುವುದರಿಂದ ಹಾಳೆಯನ್ನು ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ಕೂರಿಸಬೇಕು, ಇಲ್ಲದಿದ್ದರೆ ಚಿತ್ರ ನಡುವೆ ಬರಲ್ಲ. ಕ್ಲಿಕ್‌ನ ಕಿಂಡಿ ಚೌಕ, ಹಾಳೆ ಆಯತ. ಹಾಗಾಗಿ ಬದಿಯಲ್ಲಿ ಒಂಚೂರು ಕಪ್ಪು ಪಟ್ಟಿ ಉಳಿಯುತ್ತದೆ. ಇರಲಿ.

ಹಾಳೆ ತುಂಬಿಸುವ ಕೆಲಸ ಪೂರ್ತಿ ಕತ್ತಲೆಯಲ್ಲಿ. ಹಳೇ ಫೋಟೋ ಸ್ಟುಡಿಯೋದ ಕೆಂಪು ದೀಪ ಇಲ್ಲಿ ನಡೆಯಲ್ಲ, ಇದು ಎಲ್ಲಾ ಬಣ್ಣಕ್ಕೂ ಸ್ಪಂದಿಸೋ, ಸ್ವಲ್ಪ ಬೆಳಕೇ ಸಾಕಾಗುವಷ್ಟು ಚುರುಕಾದ ಐಎಸ್‌ಒ 800 ಫಿಲ್ಮ್. ಬಚ್ಚಲುಮನೆಯ ಕಿಟಕಿಗೆ ಕರಿ ಕಂಬಳಿ, ಬಾಗಿಲ ಸಂದಿಗೆ ಇನ್ನೊಂದು ಕಂಬಳಿ. ಹಂಡೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದೆ. ಐದು ನಿಮಿಷ ಕಣ್ಣು ಹೊಂದಿಕೊಳ್ಳೋಕೆ ಸುಮ್ನೆ ಕೂತೆ. ಆಗ ಗೊತ್ತಾಯಿತು, ಹಂಚಿನ ಸಂದಿಯಿಂದ ಒಂದು ಕಡ್ಡಿಯಷ್ಟು ಬೆಳಕು ಬರ್ತಿದೆ ಅಂತ. ಕೊನೆಗೆ ಕಂಬಳಿಯನ್ನೇ ತಲೆ ಮೇಲೆ ಹೊದ್ದು ಅದರೊಳಗೆ ಕೆಲಸ ಮಾಡಿದೆ. ಹೊರಗಿನಿಂದ ಅಮ್ಮ "ಏನು ಮಾಡ್ತಿದೀಯೇ ಒಳಗೆ, ಹಬೆ ತಗೊಳ್ತಿದೀಯಾ?" ಅಂತ ಕೂಗಿದಳು.

ಪ್ಯಾಕಿನ ಮೇಲಿನ ಕಪ್ಪು ಮುಚ್ಚಳದ ಹಾಳೆಯನ್ನು ಮೇಲಿನ ಸೀಳಿನಿಂದ ತೆಗೆದು, ಮೊದಲ ಫಿಲ್ಮನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದರೆ ಅದೇ ಸೀಳಿನಿಂದ ಹೊರಗೆ ಬರುತ್ತದೆ. ಉಳಿದ ಪ್ಯಾಕಿಗೆ ಕಪ್ಪು ಬಟ್ಟೆ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ. ಕ್ಲಿಕ್‌ನಲ್ಲಿ ಫೋಟೋ ತೆಗೆದ ಮೇಲೆ ಮತ್ತೆ ಕಂಬಳಿಯೊಳಗೆ ಹೋಗಿ, ಆ ಹಾಳೆಯನ್ನು ಮಿನಿ 9ರಲ್ಲಿದ್ದ ಹಳೇ ಖಾಲಿ ಪ್ಯಾಕಿಗೆ ಸೀಳಿನಿಂದಲೇ ವಾಪಸ್ ತೂರಿಸಬೇಕು, ಸಣ್ಣ ಅಂಚು ಮೊದಲು. ದಪ್ಪ ಅಂಚು ಸೀಳಿನ ಕಡೆಯೇ ಇರಬೇಕು, ರೋಲರಿಗೆ ಮೊದಲು ಸಿಗೋದು ಪೊಟ್ಟಣ ಆಗಬೇಕಲ್ಲ. ಆಮೇಲೆ ಬಾಗಿಲು ಹಾಕಿ ಗುಂಡಿ ಒತ್ತು.

ಹೀಗೆ ಒತ್ತಿದಾಗ ಬಂದದ್ದೇ ಆ ಪೂರ್ತಿ ಕಪ್ಪು ಹಾಳೆ. ತಪ್ಪು ನಂದೇ. ಪೋಲರಾಯ್ಡ್ ಹಾಳೆಯಲ್ಲಿ ನಾವು ಯಾವ ಬದಿಯಲ್ಲಿ ಚಿತ್ರ ನೋಡುತ್ತೇವೋ ಅದೇ ಬದಿಯಿಂದ ಬೆಳಕು ಬೀಳುತ್ತದೆ. ಅದಕ್ಕೇ ಆ ಕ್ಯಾಮೆರಾದೊಳಗೆ ಒಂದು ಕನ್ನಡಿ ಬೇಕು, ಇಲ್ಲದಿದ್ದರೆ ಎಡ ಬಲ ಅದಲು ಬದಲಾಗುತ್ತದೆ. ಇದು ನನ್ನ ತಲೆಯಲ್ಲಿತ್ತು. ಇನ್‌ಸ್ಟಾಕ್ಸ್ ಉಲ್ಟಾ. ಬೆಳಕು ಬೀಳೋದು ಹಿಂಬದಿಯಿಂದ, ಆಮೇಲೆ ಕಪ್ಪಗಾಗುತ್ತದಲ್ಲ ಆ ಬದಿಯಿಂದ, ಚಿತ್ರ ಕಾಣೋದು ಮುಂಬದಿಯಲ್ಲಿ. ಹಾಗಾಗಿ ಕನ್ನಡಿ ಬೇಡ. ನಾನು ಕತ್ತಲೆಯಲ್ಲಿ ಜಾಣತನ ಮಾಡಿ ಹಾಳೆಯನ್ನು ತಿರುಗಿಸಿ ಹಾಕಿದ್ದೆ. ಚಿತ್ರ ನೋಡುವ ಬದಿಯ ಹಿಂದೆ ಬೆಳಕು ತಡೆಯೋ ಪದರ ಇದೆ, ಲೆನ್ಸಿನ ಬೆಳಕು ಅಲ್ಲೇ ನಿಂತಿದೆ. ಪ್ಯಾಕಿನಲ್ಲಿ ಹೇಗಿತ್ತೋ ಹಾಗೇ ಹಾಕಿದ್ದರೆ ಏನೂ ತೊಂದರೆ ಇರಲಿಲ್ಲ.

ಎರಡನೇದರ ಬಿಳಿಗೆ ಕಾರಣ ಲೆಕ್ಕ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು ಕ್ಲಿಕ್‌ನ ಶಟರ್ ರೆಕಾರ್ಡ್ ಮಾಡಿದೆ. ಸುಮಾರು ಆರು ಫ್ರೇಮ್ ತೆರೆದಿರುತ್ತದೆ. ಅಂದರೆ 1/40 ಸೆಕೆಂಡ್. ಬಿಸಿಲಿನ ಗುರುತಿಗೆ ಇಟ್ಟಾಗ ಬೆಳಕು ಹೋಗುವ ತೂತು ಆರೂವರೆ ಮಿ.ಮೀ., ಲೆನ್ಸಿನಿಂದ ಫಿಲ್ಮಿಗೆ ಸುಮಾರು 72 ಮಿ.ಮೀ., ಭಾಗಿಸಿದರೆ ಎಫ್/11 (ಈ ಅಂಕಿ ದೊಡ್ಡದಾದಷ್ಟು ತೂತು ಸಣ್ಣ). ಅಪ್ಪಯ್ಯನ ಕಾಲದ ನಿಧಾನದ ಕಪ್ಪುಬಿಳುಪು ಫಿಲ್ಮಿಗೆ ಇದು ಸರಿ. ಆದರೆ ಐಎಸ್‌ಒ 800ಕ್ಕೆ ಒಳ್ಳೇ ಬಿಸಿಲಲ್ಲಿ ಎಫ್/16, 1/800 ಸೆಕೆಂಡ್ ಸಾಕು. ತೂತಿನಿಂದ ಎರಡು ಪಟ್ಟು, ಸಮಯದಿಂದ ಇಪ್ಪತ್ತು ಪಟ್ಟು, ಒಟ್ಟು ನಾನು ಕೊಟ್ಟದ್ದು ಅದರ ನಲವತ್ತು ಪಟ್ಟು. ನೆಗೆಟಿವ್ ಫಿಲ್ಮ್ ಆಗಿದ್ದರೆ ಸ್ವಲ್ಪ ಸಹಿಸಿಕೊಳ್ಳುತ್ತಿತ್ತು, ಇನ್‌ಸ್ಟಾಕ್ಸ್‌ಗೆ ಅಷ್ಟು ತಾಳ್ಮೆ ಇಲ್ಲ.

ಶಟರನ್ನು ವೇಗ ಮಾಡೋಕೆ ಆಗಲ್ಲ, ತೂತನ್ನು ಸಣ್ಣ ಮಾಡಬಹುದು. ಬೆಳಕು ತೂತಿನ ಅಗಲದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. ಆರೂವರೆ ಮಿ.ಮೀ. ಇದ್ದದ್ದನ್ನು ಒಂದು ಮಿ.ಮೀ. ಮಾಡಿದರೆ ನಲವತ್ತೆರಡು ಪಟ್ಟು ಕಮ್ಮಿ. ನಮಗೆ ಬೇಕಾದದ್ದು ನಲವತ್ತು! ಈ ಲೆಕ್ಕ ಕೂಡಿಬಂದಾಗ ಆದ ಖುಷಿಗೆ ಎದ್ದು ಒಂದು ಕಾಫಿ ಮಾಡಿಕೊಂಡೆ.

ಜ್ಯೂಸ್ ಕ್ಯಾನಿನ ಅಲ್ಯೂಮಿನಿಯಂ ತಗಡು ಕತ್ತರಿಸಿ, ಸರ್ಕ್ಯೂಟ್ ಬೋರ್ಡಿಗೆ ಬಳಸೋ 1 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ತೂತು ಮಾಡಿದೆ. ಅಂಚಿನ ಚೂಪನ್ನು ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಮಾರ್ಕರ್ ಪೆನ್ನಲ್ಲಿ ಕಪ್ಪು ಬಳಿದೆ. ಇದನ್ನು ಲೆನ್ಸಿನ ಮುಂದೆ ಗಾಜಿಗೆ ಆದಷ್ಟು ಹತ್ತಿರ ಕೂರಿಸೋಕೆ ಒಂದು ಟೋಪಿ ಬೇಕಿತ್ತು. ಅಡಿಗೆಮನೆಯ ಮುಚ್ಚಳಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಕೊನೆಗೆ ಅಪ್ಪಯ್ಯನ ಮಾತ್ರೆ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಕೂತಿತು. ಈಗ ಅವರ ಮಾತ್ರೆ ಡಬ್ಬಿಗೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ.

ಮೂರನೇ ಹಾಳೆ. ಅಂಗಳದಲ್ಲಿ ಹರವಿದ ಅಡಿಕೆ, ಹಿಂದೆ ತೋಟ, ಹನ್ನೊಂದು ಗಂಟೆ ಬಿಸಿಲು. ಹೊರಗೆ ಬಂದ ಹಾಳೆಯನ್ನು ಹುಡುಗಿ ಗಾಳಿಗೆ ಬೀಸೋಕೆ ಹೊರಟಳು, ತಡೆದೆ. ಬೀಸೋ ಚಾಳಿ ಮೇಲಿನ ಪದರವನ್ನು ಸಿಪ್ಪೆ ಸುಲಿದ ಹಾಗೆ ಕಿತ್ತು ತೆಗೆಯಬೇಕಿದ್ದ ಹಳೇ ಪೋಲರಾಯ್ಡ್ ಕಾಲದ್ದು, ಆಗ ಮೇಲ್ಮೈ ಒದ್ದೆ ಇರುತ್ತಿತ್ತು. ಇದರಲ್ಲಿ ಎಲ್ಲ ಒಳಗೇ ಮುಚ್ಚಿರುತ್ತದೆ. ಮೇಜಿನ ಮೇಲಿಟ್ಟು ಕಾದೆವು. ಬೂದುಬಣ್ಣ. ಅರ್ಧ ನಿಮಿಷಕ್ಕೆ ತೋಟದ ಸಾಲು ನೆರಳಿನ ಹಾಗೆ ಎದ್ದಿತು. ಆಮೇಲೆ ಅಡಿಕೆಯ ಕೆಂಪು. ಒಂದೂವರೆ ನಿಮಿಷಕ್ಕೆ ಪೂರ್ತಿ ಅಂಗಳ! ಒಂದು ಬದಿಗೆ ಮಾತ್ರ ಕೆಂಪು ಮಂಜು. ಕ್ಲಿಕ್‌ನ ಹಿಂಬಾಗಿಲಲ್ಲಿ ರೋಲಿನ ನಂಬರ್ ನೋಡೋಕೆ ಒಂದು ಕೆಂಪು ಕಿಟಕಿ ಇದೆ, ಅದರಿಂದ ಬೆಳಕು ಹಾಳೆಯ ಅಂಚು ಸುತ್ತಿಕೊಂಡು ಬಂದಿದೆ. ಟೇಪ್ ಹಚ್ಚಿದೆ.

ಅಡಿಕೆ ಬಿಟ್ಟು ಅಪ್ಪಯ್ಯ ವಾಪಸ್ ಬಂದು ಕೂತರು. ಫೋಟೋ ಹಿಡಿದು ತುಂಬಾ ಹೊತ್ತು ನೋಡಿದರು. ಅವರ ಕಾಲದಲ್ಲಿ ಹನ್ನೆರಡು ತೆಗೆದು, ರೋಲನ್ನು ಶಿವಮೊಗ್ಗಕ್ಕೆ ಯಾರಾದರೂ ಹೋಗುವಾಗ ಕೊಟ್ಟು ಕಳಿಸಿ, ಹದಿನೈದು ದಿನಕ್ಕೆ ಫೋಟೋ ಬರುತ್ತಿತ್ತಂತೆ. ಮೂರು ಹಾಳಾಗಿರುತ್ತಿತ್ತು. ಯಾಕೆ ಹಾಳಾಯಿತು ಅಂತ ಯೋಚನೆ ಮಾಡಿದರೆ, ಅವತ್ತು ಬಿಸಿಲಿತ್ತೋ ಮೋಡವಿತ್ತೋ ಅದೇ ಮರೆತುಹೋಗಿರುತ್ತಿತ್ತು. ನನಗೆ ಇದರಲ್ಲಿ ಇಷ್ಟವಾಗೋದೂ ಇದೇ. ತಪ್ಪು ಮಾಡಿದ ಜಾಗದಲ್ಲೇ ನಿಂತಿರುವಾಗ, ಅದೇ ಬಿಸಿಲಲ್ಲಿ, ತಪ್ಪು ಕೈಗೆ ಬರುತ್ತದೆ. ಫೋನಿನಲ್ಲಿ ತಪ್ಪು ಆಗೋಕೆ ಅದು ಬಿಡೋದೇ ಇಲ್ಲ. ನನ್ನ ಫೋನಲ್ಲಿ ಎಷ್ಟು ಸಾವಿರ ಫೋಟೋ ಇವೆಯೋ, ಯಾವುದನ್ನು ಹೇಗೆ ತೆಗೆದೆ ಅಂತ ಕೇಳಿದರೆ ಒಂದಕ್ಕೂ ಉತ್ತರ ಇಲ್ಲ.

"ಇದನ್ನ ಕಂಡುಹಿಡಿದೋರು ಯಾರು?" ಅಂದರು. ಅಮೆರಿಕದ ಎಡ್ವಿನ್ ಲ್ಯಾಂಡ್ ಅಂತ, 1943ರಲ್ಲಿ ರಜೆಗೆ ಸಾಂತಾ ಫೆಗೆ ಹೋಗಿದ್ದಾಗ ಅವರ ಪುಟ್ಟ ಮಗಳು, ಈಗ ತೆಗೆದ ಫೋಟೋ ಈಗಲೇ ಯಾಕೆ ನೋಡೋಕಾಗಲ್ಲ ಅಂತ ಕೇಳಿದಳಂತೆ, ಅಲ್ಲಿಂದ ತಲೆಗೆ ಹುಳ ಹೊಕ್ಕಿತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳ ಮುಂದೆ ಮಾಡಿ ತೋರಿಸಿದರು, 1948ರಲ್ಲಿ ಬಾಸ್ಟನ್ನಿನ ಅಂಗಡಿಯಲ್ಲಿ ಕ್ಯಾಮೆರಾ ಮಾರಾಟಕ್ಕೆ ಬಂತು ಅಂದೆ. ಅಪ್ಪಯ್ಯ ಲೆಕ್ಕ ಹಾಕಿ, "ಈಗಲೇ ಯಾಕಾಗಲ್ಲ ಅಂತ ಕೇಳಿದ್ದಕ್ಕೆ ಐದು ವರ್ಷ ಕಾಯಿಸಿದ್ನಾ?" ಅಂದರು.

ನಾಲ್ಕನೇದು ಹಾಳು. ಕತ್ತಲೆಯಲ್ಲಿ ನನ್ನ ಹೆಬ್ಬೆರಳು ಪೊಟ್ಟಣದ ಮೇಲೆ ಬಿದ್ದು ಮೊದಲೇ ಒಡೆದಿದೆ. ಒಂದು ಮೂಲೆ ಪೂರ್ತಿ ಖಾಲಿ, ದೋಸೆಹಿಟ್ಟು ಸಾಲದೆ ಕಾವಲಿ ಕಂಡ ಹಾಗೆ. ಒಳಗೇನಿದೆ ಅಂತ ಹುಡುಗಿ ಕತ್ತರಿ ತಂದಳು. ಬೇಡ ಅಂದೆ, ಆ ಅಂಟೂ ಕ್ಷಾರವೇ, ಚರ್ಮಕ್ಕೆ ಒಳ್ಳೇದಲ್ಲ.

ಐದನೇದು ನೆರಳಿನದ್ದು. ಜಗಲಿ ಮೇಲೆ ಅಮ್ಮ ಹೂವು ಕಟ್ಟುತ್ತಾ ಕೂತಿದ್ದಳು. ನೆರಳಿಗೆ ಬಿಸಿಲಿನ ಎಂಟರಷ್ಟು ಬೆಳಕು ಬೇಕು, ಹಾಗಾಗಿ ಇನ್ನೊಂದು ತಗಡಿಗೆ 3 ಮಿ.ಮೀ. ತೂತು, ಒಂಬತ್ತು ಪಟ್ಟು ಆಗುತ್ತದೆ, ಹತ್ತಿರ ಹತ್ತಿರ ಸರಿ. ಅಮ್ಮ ಸೆರಗು ಸರಿ ಮಾಡಿಕೊಳ್ಳೋಕೆ ಹೋಗಬೇಡ ಅಂದರೂ ಸರಿ ಮಾಡಿಕೊಂಡಳು. ಬಂದ ಚಿತ್ರದಲ್ಲಿ ಅವಳ ಕೈ ಸ್ವಲ್ಪ ಅಲುಗಿದೆ, ಮಡಿಲಲ್ಲಿ ಸೇವಂತಿಗೆ ಹಳದಿ ಮುದ್ದೆಯಾಗಿ ಕಾಣುತ್ತದೆ, ಬೂಷ್ಟು ಉಳಿದ ಲೆನ್ಸಿನ ದಯೆಯಿಂದ ಕಿಟಕಿಯ ಬೆಳಕು ಹಾಲು ಚೆಲ್ಲಿದ ಹಾಗೆ ಹರಡಿದೆ. ಇದುವರೆಗೆ ಬಂದದ್ದರಲ್ಲಿ ಚೆನ್ನಾಗಿರೋದು ಇದೊಂದೇ. ನನ್ನ ಹತ್ತಿರ ಇಲ್ಲ. ಅಮ್ಮ ಅದನ್ನು ತಲೆ ಬಾಚೋ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡಿದ್ದಾಳೆ. ಅಲ್ಲಿ ಬಿಸಿಲು ಬಿದ್ದು ಬಣ್ಣ ಮಾಸುತ್ತದೆ ಅಂದರೂ ಕೇಳಲಿಲ್ಲ.

ಆರನೇದನ್ನು ಅಪ್ಪಯ್ಯ ತೆಗೆದರು. ಕ್ಲಿಕ್‌ನಲ್ಲಿ ಒತ್ತಿದ ಮೇಲೆ ಮತ್ತೆ ಒತ್ತಬಾರದು ಅನ್ನೋ ತಡೆ ಇಲ್ಲ. ಸದ್ದು ಕೇಳಿಸಲಿಲ್ಲ ಅಂತ ಅವರು ಎರಡು ಸಲ ಒತ್ತಿದರು. ಅಕ್ಕನಿಗೆ ಎರಡು ತಲೆ, ನಾಯಿ ಅರ್ಧ ಪಾರದರ್ಶಕ. ಏಳು, ಎಂಟು ಸಾಧಾರಣ, ಬಿಡಿ. ಒಂಬತ್ತನೇದು ಬೆಳಗಿನ ಚಳಿಯಲ್ಲಿ, ಮಂಜು ಕರಗಿದ ಕೂಡಲೇ ತೆಗೆದದ್ದು. ಚಳಿಯಲ್ಲಿ ರಾಸಾಯನಿಕ ನಿಧಾನವಾಗಿ ಎಲ್ಲ ನೀಲಿ ಹೊಡೆಯಿತು. ಅಂಥ ಹೊತ್ತಲ್ಲಿ ಹಾಳೆಯನ್ನು ಶರ್ಟಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕಿತ್ತು.

ಹತ್ತನೇದನ್ನು ಹೊರಡುವ ದಿನ ಕಂಬಳಿಯೊಳಗೆ ಕೂತು ತುಂಬಿಸಿ, ಬಿಸಿಲಿನ ಟೋಪಿ ಹಾಕಿ, ಅಪ್ಪಯ್ಯನ ಕೈಗೆ ಕೊಟ್ಟೆ. ಯಾವಾಗ ಬೇಕೋ ಆಗ ತೆಗೀರಿ, ಬಾಗಿಲು ಮಾತ್ರ ತೆಗೀಬೇಡಿ ಅಂದೆ. ಅಕ್ಕ, ನಾನು, ಹುಡುಗಿ ಒಂದೇ ಕಾರಲ್ಲಿ ಬೆಂಗಳೂರಿಗೆ ಬಂದೆವು. ಲಟ್ಟಿಸೋ ಯಂತ್ರ ಹುಡುಗಿಯ ಚೀಲದಲ್ಲೇ ಬಂತು. ಹಾಸನ ದಾಟಿದ ಮೇಲೆ ನೆನಪಾಯಿತು.

ಮೊನ್ನೆ ಅಪ್ಪಯ್ಯನ ಫೋನ್. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗಿದ್ದರಂತೆ, ರಾಮೇಶ್ವರನ ತೇರಿನದ್ದು ತೆಗೆದಿದ್ದಾರೆ. "ಒಂದೇ ಸಲ ಒತ್ತಿದೇನೆ ಮಾರಾಯ್ತಿ. ಕಪ್ಪು ಬಟ್ಟೆ ಸುತ್ತಿ ಅಕ್ಕಿ ಡಬ್ಬದ ಪಕ್ಕ ಇಟ್ಟಿದೇನೆ. ನೀನು ಯಾವಾಗ ಬರೋದು?"

ಶಿವರಾತ್ರಿಗೆ ಅಂದಿದ್ದೇನೆ.